ಜವಳಿ ಯಂತ್ರ ತಯಾರಕರ ಯುರೋಪಿಯನ್ ಒಕ್ಕೂಟ: ಖರೀದಿದಾರರು ಅರಿಯಬೇಕಾದದ್ದು

ಯುರೋಪಿನ ಜವಳಿ ಯಂತ್ರ ತಯಾರಕರ ಒಕ್ಕೂಟವೇ ಸೆಮಾಟೆಕ್ಸ್. ಜರ್ಮನಿ, ಇಟಲಿ, ಸ್ವಿಟ್ಜರ್ಲೆಂಡ್ ಸೇರಿದಂತೆ 9 ದೇಶಗಳ ರಾಷ್ಟ್ರೀಯ ಸಂಘಗಳು ಇದರ ಸದಸ್ಯರಾಗಿವೆ. 1951ರಲ್ಲಿ ಫ್ರಾನ್ಸಿನ ಲೀಲ್ ನಗರದಲ್ಲಿ ಆರಂಭವಾದ ‘ಇಟ್ಮಾ’ ಪ್ರದರ್ಶನದ ಒಡೆತನ ಈ ಒಕ್ಕೂಟದ್ದಾಗಿದೆ.

ಪ್ರದರ್ಶನವು ನಾಲ್ಕು ವರ್ಷಗಳಿಗೊಮ್ಮೆ ನಡೆಯುತ್ತದೆ. 2019ರಲ್ಲಿ ಬಾರ್ಸಿಲೋನಾದಲ್ಲಿಯೂ 2023ರಲ್ಲಿ ಮಿಲಾನ್‌ನಲ್ಲಿಯೂ ಜರುಗಿತು; 2027ಕ್ಕೆ ಹ್ಯಾನೋವರ್ ನಿಗದಿಯಾಗಿದೆ. ಮಗ್ಗ, ನೂಲುವ ಯಂತ್ರ, ಬಣ್ಣಗಾರಿಕೆ ಯಂತ್ರಗಳ ಹೊಸ ಮಾದರಿಗಳನ್ನು ತಯಾರಕರು ಹೆಚ್ಚಾಗಿ ಇಲ್ಲಿಯೇ ಮೊದಲು ತೋರಿಸುತ್ತಾರೆ.

ಆದ್ದರಿಂದ ಪ್ರದರ್ಶನಕ್ಕೆ ಕೆಲವೇ ತಿಂಗಳ ಮೊದಲು ಸಾಲ ಮಾಡಿ ಯಂತ್ರ ಕೊಳ್ಳುವ ಸಣ್ಣ ಉದ್ಯಮಿಗೆ, ಸಾಲ ತೀರುವ ಮೊದಲೇ ಹಳತಾಗುವ ಮಾದರಿ ದೊರೆಯುವ ಸಂಭವವುಂಟು. ಅಂತಹ ಸಮಯದಲ್ಲಿ ಹೊಸ ಮಾದರಿಯ ಬಗ್ಗೆ ವಿಚಾರಿಸಿ, ಬೆಲೆಯಲ್ಲಿ ರಿಯಾಯಿತಿ ಹಾಗೂ ಬಿಡಿಭಾಗಗಳ ಪೂರೈಕೆಗೆ ಲಿಖಿತ ಭರವಸೆ ಪಡೆಯುವುದು ಹಿತಕರ.