ಹುಡುಗನ ಬೆನ್ನಿಗೆ ಎಂಟು ಜನ

1949ರ ಏಪ್ರಿಲ್ 26. ಅಮೆರಿಕದ ಕಾನ್ಸಾಸ್ ರಾಜ್ಯದ ಆಸ್ಕಲೂಸಾ ಎಂಬ ಪುಟ್ಟ ಊರು. ಬೆಳಿಗ್ಗೆ ಏಳು ಗಂಟೆಗೆ ಏಳು ವರ್ಷದ ಹುಡುಗನೊಬ್ಬ ಎದ್ದಾಗ, ಬರೆದುಕೊಳ್ಳಲು ಒಬ್ಬರು ತಯಾರಾಗಿ ನಿಂತಿದ್ದರು. ರಾತ್ರಿ ಎಂಟೂವರೆಗೆ ಅವನು ಮಲಗುವ ತನಕ ಎಂಟು ಜನ ಸರದಿಯ ಮೇಲೆ ಅವನ ಹಿಂದೆಯೇ ಇದ್ದರು. ತಿಂಡಿ, ಶಾಲೆ, ಆಟ ಯಾವುದನ್ನೂ ಬಿಡಲಿಲ್ಲ. ಆ ಒಂದು ದಿನದ ದಾಖಲೆ 1951ರಲ್ಲಿ ನಾನೂರಕ್ಕೂ ಹೆಚ್ಚು ಪುಟಗಳ ಪುಸ್ತಕವಾಯಿತು.

ಮನೋವಿಜ್ಞಾನಿಗಳಾದ ರೋಜರ್ ಬಾರ್ಕರ್ ಮತ್ತು ಹರ್ಬರ್ಟ್ ರೈಟ್‌ಗೆ ಈ ಉಸಾಬರಿ ಯಾಕೆ ಬೇಕಿತ್ತು? ಗಿಡ ಅರಿಯಬೇಕಾದವರು ಕಾಡಿಗೆ ಹೋಗುತ್ತಾರೆ. ಮನುಷ್ಯನನ್ನು ಅರಿಯಬೇಕಾದವರು ಮಾತ್ರ ಅವನನ್ನು ಪ್ರಯೋಗಾಲಯಕ್ಕೆ ಕರೆಸಿಕೊಳ್ಳುತ್ತಿದ್ದರು. ಮಕ್ಕಳು ದಿನವಿಡೀ ಏನು ಮಾಡುತ್ತಾರೆ ಎಂಬ ಸಾಮಾನ್ಯ ಪ್ರಶ್ನೆಗೇ ಉತ್ತರವಿರಲಿಲ್ಲ.

ನೋಡುವುದು ಸುಲಭ ಅನ್ನಿಸಬಹುದು, ಅಲ್ಲ. ‘ಹುಡುಗ ಸಿಟ್ಟಾದ’ ಎಂದು ಬರೆದರೆ ಅದು ನೋಡಿದವರ ಊಹೆ. ‘ಬಾಗಿಲನ್ನು ದಡಾರನೆ ಹಾಕಿದ’ ಎಂದರೆ ವರದಿ. ಆದ್ದರಿಂದಲೇ ಇಂಥ ಅಧ್ಯಯನಗಳಲ್ಲಿ ಇಬ್ಬರು ಬೇರೆಬೇರೆಯಾಗಿ ಬರೆದು, ಆಮೇಲೆ ತಾಳೆ ನೋಡುವ ಪದ್ಧತಿ ಬೆಳೆದಿದೆ. ಇನ್ನೊಂದು ತೊಡಕು ನಮಗೆಲ್ಲ ಗೊತ್ತಿರುವುದೇ: ಮನೆಗೆ ನೆಂಟರು ಬಂದರೆ ಮಕ್ಕಳ ವರಸೆಯೇ ಬದಲಾಗುತ್ತದೆ. ನೋಟ್‌ಬುಕ್ ಹಿಡಿದವರ ಎದುರು ಆ ಹುಡುಗ ಎಷ್ಟು ಸಹಜವಾಗಿದ್ದ? ನನಗೆ ಈ ಅನುಮಾನ ಪೂರ್ತಿ ಹೋಗಿಲ್ಲ. ಬಾರ್ಕರ್ ಕಂಡುಕೊಂಡ ದಾರಿ ಮಾತ್ರ ಮೆಚ್ಚಬೇಕಾದದ್ದು. 1947ರಲ್ಲೇ ಆಸ್ಕಲೂಸಾದಲ್ಲಿ ಅಧ್ಯಯನ ಕೇಂದ್ರ ತೆರೆದು, ಸಂಸಾರ ಸಮೇತ ಅಲ್ಲೇ ನೆಲೆಸಿ, ಅವರು ಊರಿನವರೇ ಆಗಿಬಿಟ್ಟರು.

ವರ್ಷಗಟ್ಟಲೆ ನೋಡಿದ ಮೇಲೆ ಕಂಡದ್ದು ಇದು: ಮಗುವಿನ ನಡವಳಿಕೆಯನ್ನು ಊಹಿಸಲು ಅದರ ಸ್ವಭಾವಕ್ಕಿಂತ ಅದು ಇರುವ ಜಾಗವೇ ಎಷ್ಟೋ ಸಲ ಹೆಚ್ಚು ನೆರವಾಗುತ್ತದೆ. ತರಗತಿಯಲ್ಲಿ ಸುಮ್ಮನೆ ಕೂತವನೇ ಆಟದ ಬಯಲಲ್ಲಿ ಕೂಗಾಡುತ್ತಾನೆ. ಚರ್ಚಿನಲ್ಲಿ ತುಂಟನೂ ಸಾಧುವೂ ಒಂದೇ ಥರ ಕೂತಿರುತ್ತಾರೆ. ಪ್ರಶ್ನಾವಳಿ ತುಂಬಿಸಿಕೊಂಡು ಕೂತಿದ್ದರೆ ಇದು ಕಣ್ಣಿಗೆ ಬೀಳುತ್ತಿತ್ತೇ?

ಜಾಗವೇ ಕಾರಣವೋ, ಅಲ್ಲಿ ಕಣ್ಣಿಟ್ಟಿರುವ ಹಿರಿಯರೋ? ಬರೀ ನೋಡಿ ಇದನ್ನು ತೀರ್ಮಾನಿಸಲಾಗದು. ಅದಕ್ಕೆ ಒಂದನ್ನು ಬದಲಿಸಿ ಇನ್ನೊಂದನ್ನು ಅಳೆಯುವ ಪ್ರಯೋಗವೇ ಬೇಕು. ಆದರೆ ಏನನ್ನು ಬದಲಿಸಿ ನೋಡಬೇಕೆಂದು ಹೊಳೆಯುವುದು ಹೀಗೆ ನೋಡಿದವರಿಗೇ.

ಪುಸ್ತಕದಲ್ಲಿ ಹುಡುಗನಿಗೂ ಊರಿಗೂ ಬೇರೆ ಹೆಸರು ಕೊಟ್ಟಿದ್ದಾರೆ. ಅಧ್ಯಯನ ಕೇಂದ್ರ 1972ರಲ್ಲಿ ಮುಚ್ಚಿತು. ಬಾರ್ಕರ್ ಊರು ಬಿಡಲಿಲ್ಲ. 1990ರಲ್ಲಿ ಅವರು ತೀರಿಕೊಂಡದ್ದೂ ಆಸ್ಕಲೂಸಾದಲ್ಲೇ.