ಬುಕ್ಕರಾಯನ ಬೆಳಗೊಳ ಶಾಸನ: ನಂಬಿಕೆ ಮತ್ತು ನಡೆಯ ಕಟ್ಟಳೆ

ಮಧ್ಯಕಾಲೀನ ಕರ್ನಾಟಕದ ಮತಗಳ ಪರಸ್ಪರ ಸಂಬಂಧವನ್ನು ಕುರಿತು ಬರೆಯುವವರೆಲ್ಲರೂ ಶ್ರವಣಬೆಳಗೊಳದ ಭಂಡಾರಿ ಬಸದಿಯ ಬಳಿಯಿರುವ ವಿಜಯನಗರದ ಒಂದನೆಯ ಬುಕ್ಕರಾಯನ ಶಾಸನವನ್ನು (ಶಕ 1290, ಕ್ರಿ.ಶ. 1368) ಉಲ್ಲೇಖಿಸುತ್ತಾರೆ. ಅದನ್ನು ಸರ್ವಧರ್ಮ ಸಮನ್ವಯದ ನಿದರ್ಶನವೆಂದು ಕರೆದು ಮುಂದೆ ಸಾಗುವುದು ವಾಡಿಕೆ. ಶಾಸನದ ವಿವರಗಳನ್ನು ಪರಿಶೀಲಿಸಿದರೆ, ನಂಬಿಕೆಗಳನ್ನು ಇದ್ದಂತೆಯೇ ಉಳಿಸಿ ನಡವಳಿಕೆಯನ್ನು ಮಾತ್ರ ನಿಯಮಕ್ಕೆ ಒಳಪಡಿಸಿದ ಒಡಂಬಡಿಕೆ ಅದೆಂಬುದು ತಿಳಿಯುತ್ತದೆ.

ಜೈನರಿಗೂ ಭಕ್ತರಿಗೂ, ಎಂದರೆ ಶ್ರೀವೈಷ್ಣವರಿಗೂ, ವಿವಾದ ಉಂಟಾದಾಗ ಆನೆಗೊಂದಿ, ಹೊಸಪಟ್ಟಣ, ಪೆನುಗೊಂಡೆ, ಕಲ್ಲೇಹ ಮೊದಲಾದೆಡೆಗಳ ಜೈನರು ತಮಗಾದ ಅನ್ಯಾಯವನ್ನು ರಾಜನಲ್ಲಿ ಬಿನ್ನವಿಸಿಕೊಂಡರು. ಬುಕ್ಕರಾಯನು ಜೈನರ ಕೈಯನ್ನು ಹಿಡಿದು ಶ್ರೀವೈಷ್ಣವರ ಕೈಯಲ್ಲಿರಿಸಿ, ಎರಡು ದರ್ಶನಗಳಿಗೂ ಭೇದವಿಲ್ಲವೆಂದು ಸಾರಿದನು. ಈ ಅಭೇದವು ತಾತ್ತ್ವಿಕವಾದುದಲ್ಲ. ಶಾಸನದ ಆರಂಭದ ಸಂಸ್ಕೃತ ಶ್ಲೋಕವೇ ರಾಮಾನುಜರನ್ನು ಪಾಷಂಡಮತಗಳನ್ನು ದಹಿಸುವವರೆಂದು ಸ್ತುತಿಸುತ್ತದೆ. ಜೈನರಿಗೆ ರಕ್ಷಣೆ ನೀಡುವ ಶಾಸನದಲ್ಲಿಯೂ ಆ ಸ್ತುತಿ ಹಾಗೆಯೇ ಉಳಿದಿರುವುದು ಗಮನಾರ್ಹ.

ಅಭೇದದ ಅರ್ಥವನ್ನು ಮುಂದಿನ ಕಟ್ಟಳೆಗಳು ನಿರ್ದಿಷ್ಟಗೊಳಿಸುತ್ತವೆ. ಪಂಚಮಹಾವಾದ್ಯಗಳೂ ಕಲಶವೂ ಜೈನರಿಗೆ ಮೊದಲಿನಂತೆಯೇ ಸಲ್ಲಬೇಕು. ಭಕ್ತರಿಂದ ಜೈನದರ್ಶನಕ್ಕೆ ಉಂಟಾಗುವ ಹಾನಿ ವೃದ್ಧಿಗಳನ್ನು ವೈಷ್ಣವರು ತಮ್ಮ ದರ್ಶನದ ಹಾನಿ ವೃದ್ಧಿಗಳೆಂದೇ ಎಣಿಸಬೇಕು. ರಾಜ್ಯದ ಜೈನರು ಮನೆಯೊಂದಕ್ಕೆ ವರ್ಷಕ್ಕೆ ಒಂದು ಹಣ ಕೊಡಬೇಕು. ಆ ಹಣದಿಂದ ತಿರುಮಲೆಯ ತಾತಯ್ಯನು ಬೆಳಗೊಳದ ದೇವರಿಗೆ 20 ಮಂದಿ ಕಾವಲಿನವರನ್ನು ನೇಮಿಸಿ, ಉಳಿದುದರಿಂದ ಜೀರ್ಣವಾದ ಜಿನಾಲಯಗಳಿಗೆ ಸುಣ್ಣ ಬಳಿಸಬೇಕು.

ಕಟ್ಟಳೆಯನ್ನು ಮೀರಿದವನು ರಾಜನಿಗೆ ದ್ರೋಹಿ. ಸಂಘಕ್ಕೂ ಸಮುದಾಯಕ್ಕೂ ದ್ರೋಹಿ. ಧರ್ಮವನ್ನು ಕೆಡಿಸಿದವನು ಯತಿಯಾಗಲಿ, ಗ್ರಾಮಣಿಯಾಗಲಿ, ಗಂಗಾತೀರದಲ್ಲಿ ಕಪಿಲೆಯನ್ನೂ ಬ್ರಾಹ್ಮಣನನ್ನೂ ಕೊಂದ ಪಾಪಕ್ಕೆ ಗುರಿಯಾಗುತ್ತಾನೆ. ಹೀಗೆ ರಾಜಭಯ, ಸಮುದಾಯದ ಬಹಿರಂಗ ನಿಂದೆ, ಪರಲೋಕದ ಭಯ ಎಂಬ ಮೂರು ಆಧಾರಗಳ ಮೇಲೆ ನಿಯಮವು ನಿಂತಿದೆ. ಜಿನಾಲಯದ ರಕ್ಷಣೆಗಾಗಿ ಇಲ್ಲಿ ಆಶ್ರಯಿಸಿರುವ ಪಾಪಕಲ್ಪನೆ ವೈದಿಕ ಪರಂಪರೆಯದು. ನಿಯಮವನ್ನು ಮೀರುವ ಸಾಧ್ಯತೆಯಿದ್ದವರ ಸ್ವಂತ ನಂಬಿಕೆಯನ್ನೇ ನಿಯಮದ ಕಾವಲಿಗೆ ಇರಿಸಿದಂತಾಗಿದೆ.

ಇದನ್ನು ಇಂದಿನ ಅರ್ಥದ ಸಮಾನತೆಯೆಂದು ಭಾವಿಸುವಂತಿಲ್ಲ. ದೂರು ಕೊಟ್ಟವರೇ ರಕ್ಷಣೆಯ ವೆಚ್ಚವನ್ನು ಹೊತ್ತಿದ್ದಾರೆ. ಆ ಹಣದ ವಿನಿಯೋಗ ಪ್ರಬಲರಾದ ಪ್ರತಿಪಕ್ಷದವರ ಕೈಯಲ್ಲಿದೆ. ಆದರೂ ಹೊಣೆಯನ್ನು ಬಹಿರಂಗವಾಗಿ, ಹೆಸರು ಹಿಡಿದು ಹೊರಿಸಿರುವುದು ಅಲ್ಪವಾದುದಲ್ಲ. ಆಚಾರ್ಯರಿಂದ ಹಿಡಿದು ತಿರುಕುಲ, ಜಾಂಬವಕುಲದವರವರೆಗೆ ಶ್ರೀವೈಷ್ಣವ ಸಮುದಾಯದ ವಿವಿಧ ವರ್ಗಗಳನ್ನು ಶಾಸನ ಎಣಿಸುತ್ತದೆ. ತಮಗೆ ತಿಳಿಯದೆಂದು ಯಾರೂ ಜಾರಿಕೊಳ್ಳುವಂತಿರಲಿಲ್ಲ. ಮುಂದೆ ಕಲ್ಲೇಹದ ಬುಸುವಿಸೆಟ್ಟಿಯು ರಾಜನಿಗೆ ಬಿನ್ನವಿಸಿ, ತಾತಯ್ಯನನ್ನು ಬರಮಾಡಿಸಿ ಇದನ್ನು ಜೀರ್ಣೋದ್ಧಾರ ಮಾಡಿಸಿದನು. ಎರಡೂ ಸಮಯದವರು ಕೂಡಿ ಅವನಿಗೆ ಸಂಘನಾಯಕ ಪಟ್ಟವನ್ನು ಕಟ್ಟಿದರು. ಕಲ್ಲಿನಲ್ಲಿ ಕೊರೆದ ಕಟ್ಟಳೆಗೂ ಅದನ್ನು ನೆನಪಿಸುವ ಮನುಷ್ಯರು ಬೇಕಾಗುತ್ತಾರೆ.

ಹೊರನಾಡಿನ ಸಂಶೋಧಕರಿಗೆ ಇಲ್ಲಿ ವಿಶೇಷವಾದ ಕೆಲಸವಿದೆ. ಶಾಸನದ ಕೋವಿಲ್ ಎಂದರೆ ಶ್ರೀರಂಗ, ಪೆರುಮಾಳ್ ಕೋವಿಲ್ ಎಂದರೆ ಕಂಚಿ, ತಿರುನಾರಾಯಣಪುರವೆಂದರೆ ಮೇಲುಕೋಟೆ; ಪೆನುಗೊಂಡೆ ಇಂದು ಆಂಧ್ರಪ್ರದೇಶದಲ್ಲಿದೆ. ರಾಜ್ಯದ ಬಸದಿಗಳಲ್ಲೆಲ್ಲ ಶಾಸನವನ್ನು ನೆಡಬೇಕೆಂಬ ಆಜ್ಞೆಯಿದ್ದು, ಮಾಗಡಿ ತಾಲ್ಲೂಕಿನ ಕಲ್ಯದಲ್ಲಿ ಇದರ ಇನ್ನೊಂದು ಪ್ರತಿ ದೊರೆತಿದೆ. ತಮಿಳು ವೈಷ್ಣವ ಪರಿಭಾಷೆಯನ್ನೂ ತೆಲುಗು ನಾಡಿನ ಜೈನ ನೆಲೆಗಳನ್ನೂ ಬಲ್ಲವರು ಜೊತೆಗೂಡಿ ಓದಿದಾಗಲೇ ಈ ಕನ್ನಡ ಶಾಸನದ ಅರ್ಥವ್ಯಾಪ್ತಿ ಪೂರ್ಣವಾಗಿ ತೆರೆದುಕೊಳ್ಳುತ್ತದೆ.