ಸಾರ್ವಜನಿಕ ಪಕ್ಷಿಗಣತಿಯೂ ಹೊಸ ವೀಕ್ಷಕನೂ: ಬಸವಕಲ್ಯಾಣ–ಹುಮನಾಬಾದ ಪರಿಸರವನ್ನು ಕುರಿತು

ಕಲ್ಯಾಣದ ಚಾಲುಕ್ಯ ಅರಸನಾದ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ವು ರಾಜವಿನೋದಗಳ ನಡುವೆ ಡೇಗೆಯ ಬೇಟೆಯನ್ನೂ ಲಾವುಗೆಗಳ ಕಾಳಗವನ್ನೂ ವಿವರಿಸುತ್ತದೆ. ಅವನ ರಾಜಧಾನಿಯೇ ಇಂದಿನ ಬಸವಕಲ್ಯಾಣ. ಅಂದು ಅರಸರ ವಿನೋದಕ್ಕೆ ಬೇಕಾಗಿದ್ದ ಪಕ್ಷಿಪರಿಚಯವು ಇಂದು ಸಾರ್ವಜನಿಕ ಗಣತಿಗಳ ಮೂಲಕ ಎಲ್ಲರಿಗೂ ತೆರೆದ ವಿದ್ಯೆಯಾಗಿದೆ. ಇಂತಹ ಗಣತಿಯಲ್ಲಿ ಹಕ್ಕಿಗಳ ಹೆಸರನ್ನೇ ಅಷ್ಟಾಗಿ ಅರಿಯದ ಹೊಸಬನ ಸ್ಥಾನವೇನೆಂಬುದನ್ನು ಇಲ್ಲಿ ವಿವೇಚಿಸಲಾಗಿದೆ.

ಅಮೆರಿಕದ ಕಾರ್ನೆಲ್ ಪಕ್ಷಿವಿಜ್ಞಾನ ಸಂಸ್ಥೆಯೂ ಆಡುಬಾನ್ ಸಂಘವೂ 1998ರಲ್ಲಿ ಆರಂಭಿಸಿದ ‘ಗ್ರೇಟ್ ಬ್ಯಾಕ್‌ಯಾರ್ಡ್ ಬರ್ಡ್ ಕೌಂಟ್’ ಎಂಬ ಗಣತಿಯಲ್ಲಿ ಭಾರತವು 2013ರಿಂದ ಪಾಲ್ಗೊಳ್ಳುತ್ತಿದೆ. ಫೆಬ್ರುವರಿಯ ಮಧ್ಯಭಾಗದ ನಾಲ್ಕು ದಿನಗಳಲ್ಲಿ ಇದು ನಡೆಯುವುದು. ಕಾಲೇಜುಗಳು ತಮ್ಮ ಆವರಣದಲ್ಲಿಯೇ ಇದನ್ನು ನಡೆಸಬಹುದು. ಒಂದೆಡೆ ಕನಿಷ್ಠ 15 ನಿಮಿಷ ವೀಕ್ಷಿಸಿ, ಗುರುತಿಸಿದ ಎಲ್ಲ ಪಕ್ಷಿಗಳನ್ನೂ ಅವುಗಳ ಸಂಖ್ಯೆಯೊಡನೆ ಬರೆದು, ‘ಇಬರ್ಡ್’ ಎಂಬ ಅಂತರಜಾಲ ಭಂಡಾರಕ್ಕೆ ಸಲ್ಲಿಸುವುದೇ ಇದರ ಕ್ರಮ.

ಅಪರೂಪದ ಹಕ್ಕಿಯನ್ನು ಕಾಣುವುದೇ ವೀಕ್ಷಣೆಯ ಸಾರ್ಥಕ್ಯವೆಂದು ಹೊಸಬನು ಭಾವಿಸುವುದು ಸಹಜ. ಗಣತಿಗಾದರೋ ಕಾಗೆ, ಗೊರವಂಕ, ಗುಬ್ಬಚ್ಚಿಗಳೂ ಅಷ್ಟೇ ಅವಶ್ಯಕ. ಇಪ್ಪತ್ತು ಪಟ್ಟಿಗಳಲ್ಲಿ ಒಂದು ಪಕ್ಷಿಯು ಎಷ್ಟರಲ್ಲಿ ಕಾಣುತ್ತದೆ ಎಂಬ ಪ್ರಮಾಣವನ್ನು ವರ್ಷದಿಂದ ವರ್ಷಕ್ಕೆ ಹೋಲಿಸಿದಾಗಲೇ ಅದರ ಏಳುಬೀಳು ತಿಳಿಯುವುದು. ಸಾಮಾನ್ಯವೆಂದು ಬಿಟ್ಟ ಹಕ್ಕಿಯು ಪಟ್ಟಿಯಲ್ಲಿ ಇಲ್ಲದ ಹಕ್ಕಿಯಾಗಿ ಪರಿಣಮಿಸುತ್ತದೆ. ಆದುದರಿಂದ ಗುರುತು ಹತ್ತಿದುದೆಲ್ಲವನ್ನೂ ಬರೆಯುವುದು, ಸಂದೇಹವುಳ್ಳದ್ದನ್ನು ಊಹೆಯಿಂದ ಹೆಸರಿಸದಿರುವುದು, ಇವೆರಡೇ ಹೊಸಬನ ಮೊದಲ ಪಾಠಗಳು.

ನೀಲಕಂಠವು ಇದಕ್ಕೆ ತಕ್ಕ ನಿದರ್ಶನ. ಕುಳಿತಾಗ ಕಂದಾಗಿ ತೋರಿ, ಹಾರಿದಾಗ ರೆಕ್ಕೆಯ ನೀಲಿಯನ್ನು ಬಿಚ್ಚುವ ಈ ಹಕ್ಕಿಯನ್ನು ಹೊಸಬನೂ ಸುಲಭವಾಗಿ ಗುರುತಿಸಬಲ್ಲನು. ಇದು ಕರ್ನಾಟಕದ ರಾಜ್ಯಪಕ್ಷಿ. ಮೂವತ್ತು ಸಾವಿರಕ್ಕೂ ಮಿಕ್ಕ ವೀಕ್ಷಕರ ದಾಖಲೆಗಳನ್ನು ಆಧರಿಸಿದ 2023ರ ‘ಭಾರತದ ಪಕ್ಷಿಗಳ ಸ್ಥಿತಿಗತಿ’ ವರದಿಯು, ಅಪಾಯದ ಮಟ್ಟವನ್ನು ಅಂತರರಾಷ್ಟ್ರೀಯವಾಗಿ ಪುನಃ ಪರಿಶೀಲಿಸಬೇಕೆಂದು ಸೂಚಿಸಿದ 14 ಪಕ್ಷಿಗಳಲ್ಲಿ ನೀಲಕಂಠವೂ ಒಂದು. ನಮ್ಮ ಹೊಲಗಳಲ್ಲಿಯೂ ಅದು ಕುಗ್ಗುತ್ತಿದೆಯೇ ಎಂಬ ಪ್ರಶ್ನೆಗೆ ಇಲ್ಲಿಯವರ ಪಟ್ಟಿಗಳೇ ಉತ್ತರ ಕೊಡಬೇಕು.

ಬೀದರ ಪ್ರದೇಶವು ಹೈದರಾಬಾದ್ ಸಂಸ್ಥಾನಕ್ಕೆ ಸೇರಿದ್ದ ಕಾಲದಲ್ಲಿ, 1931–32ರಲ್ಲಿ, ಸಲೀಂ ಅಲಿಯವರು ಆ ಸಂಸ್ಥಾನದ ಪಕ್ಷಿಸಮೀಕ್ಷೆಯನ್ನು ನಡೆಸಿದರು. ಒಬ್ಬ ತಜ್ಞನ ಪ್ರವಾಸವು ಆ ಕಾಲದ ಚಿತ್ರವನ್ನು ಕೊಡಬಲ್ಲುದು. ವರ್ಷವರ್ಷದ ಬದಲಾವಣೆಯನ್ನು ತಿಳಿಯಲು ಸ್ಥಳದಲ್ಲಿಯೇ ನೆಲಸಿರುವವರ ಕಣ್ಣು ಬೇಕು.

ಹುಮನಾಬಾದದ ಕಾಲೇಜಿನ ಅಂಗಳ, ಹೆದ್ದಾರಿಯ ಬದಿಯ ಜೋಳ–ಕಡಲೆಯ ಹೊಲ, ಬಸವಕಲ್ಯಾಣ ತಾಲ್ಲೂಕಿನ ಚುಳುಕಿನಾಲಾ ಜಲಾಶಯದ ದಂಡೆ, ಇವುಗಳಲ್ಲಿ ಒಂದನ್ನು ಆಯ್ದುಕೊಂಡು ಪ್ರತಿವರ್ಷವೂ ಅಲ್ಲಿಯೇ, ಅದೇ ಹೊತ್ತಿನಲ್ಲಿ ಎಣಿಸುವುದು ಉಚಿತ. ಬೆಳಗಿನ ಮೊದಲ ಎರಡು ಗಂಟೆ ಪ್ರಶಸ್ತವಾದ ಕಾಲ. ದುರ್ಬೀನು ಇಲ್ಲದವನು ಅನುಭವಿಯ ಜೊತೆಗೂಡಿ ನಡೆಯಲಿ; ಗೂಡುಗಳ ಸಮೀಪಕ್ಕೆ ಹೋಗದಿರಲಿ; ಕಾಣಲೆಂದು ಹಕ್ಕಿಗಳನ್ನು ಎಬ್ಬಿಸದಿರಲಿ. ಮೊದಲ ವರ್ಷ ಹತ್ತೇ ಹೆಸರುಗಳು ದೊರೆತರೂ, ಆ ಹತ್ತು ನಿಜವಾಗಿದ್ದರೆ ಮುಂದಿನ ವರ್ಷದ ಹೋಲಿಕೆಗೆ ಅವೇ ತಳಹದಿಯಾಗುವುವು.